ಸಾಫ್ಲೈನಾ, ಕುಕೂ ಬೀನಾ? ಸಂಡೂರಿನ ಫೋಟೋ ನೋಡಿ ಹೇಳಿ

ಸಂಡೂರು_ಕ್ಲಿಕ್: ಈ ಕೀಟ ಯಾವುದೆಂದು ತಿಳಿಯದೆ ತಲೆ ಕೆಟ್ಟುಹೋಗಿದೆ. ಕಿತ್ತಳೆ ಮೈ, ಕಪ್ಪು ತಲೆ, ಹೊಗೆ ಬಣ್ಣದ ರೆಕ್ಕೆ. ಕಾಡಂಚಲ್ಲಿ ಎಲೆ ಮೇಲೆ ಕೂತಿತ್ತು. ಕೀಟ ಗುರುತಿಸೋ ಆ್ಯಪ್ ಒಮ್ಮೆ ಸಾಫ್ಲೈ (ಕಣಜದ ಬಳಗದ ಕೀಟ, ಮರಿಹುಳ ಎಲೆ ತಿನ್ನುತ್ತದೆ) ಅನ್ನುತ್ತದೆ, ಅದೇ ಫೋಟೋ ಕ್ರಾಪ್ ಮಾಡಿದರೆ ಕುಕೂ ಬೀ ಅನ್ನುತ್ತದೆ. ಯಾವುದನ್ನು ನಂಬಲಿ?

ಗಂಗಾವತಿ_ಮ್ಯಾಕ್ರೋ: ಕುಕೂ ಬೀನೇ, ನೊಮಾಡಾ ಕುಲದ್ದು. ಮೈಮೇಲೆ ಕೂದಲು ಕಡಿಮೆ, ಕಾಲಲ್ಲಿ ಪರಾಗ ಹೊರುವ ಕುಚ್ಚಿಲ್ಲ. ಬೇರೆ ಜೇನಿನ ಗೂಡಲ್ಲಿ ಮೊಟ್ಟೆ ಇಡೋದಕ್ಕೆ ಕುಚ್ಚು ಯಾಕೆ ಬೇಕು?

ರಾಯಚೂರು_ಕೀಟ: ಸಾಫ್ಲೈಗೂ ಕುಚ್ಚಿರಲ್ಲ ಸರ್. ಸೊಂಟ ನೋಡಿ. ಸಾಫ್ಲೈಗೆ ಸಣ್ಣ ಸೊಂಟ ಇಲ್ಲ, ಎದೆ ಹೊಟ್ಟೆ ಅಗಲವಾಗಿ ಕೂಡಿರುತ್ತವೆ. ಪಕ್ಕದಿಂದ ತೆಗೆದದ್ದು ಇದೆಯಾ?

ಸಂಡೂರು_ಕ್ಲಿಕ್: ಇಲ್ಲ. ಮೇಲಿಂದ ಇದೊಂದೇ, ಮೊಬೈಲಿಗೆ ಸಿಕ್ಕಿಸೋ ಕ್ಲಿಪ್ ಲೆನ್ಸಲ್ಲಿ.

ಗಂಗಾವತಿ_ಮ್ಯಾಕ್ರೋ: ನೊಮಾಡಾನೇ. ಆನೆಗೊಂದಿ ಹತ್ತಿರ ನನಗೆ ಸಿಕ್ಕಿತ್ತು, ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಮಲಗಿತ್ತು. 90 ಎಂಎಂ ಮ್ಯಾಕ್ರೋ ಲೆನ್ಸ್, ಫ್ಲ್ಯಾಶ್ ಬೆಳಕು ಮೃದುವಾಗಿಸೋಕೆ ನಾನೇ ಮಾಡಿದ ಡಿಫ್ಯೂಸರ್. ಒಂದೊಂದು ಕೂದಲೂ ಎಣಿಸಬಹುದು. ಕ್ಲಿಪ್ ಲೆನ್ಸಲ್ಲಿ ಇದೆಲ್ಲ ಆಗಲ್ಲ.

ಸಿರುಗುಪ್ಪ_ತೋಟ: ಹಾಗನ್ನಬೇಡಿ ಅಣ್ಣಾ. ಬೆಳಗಿನ ತಂಪಿಗೆ ಕೀಟ ಅಲುಗಾಡಲ್ಲ, ಮೊಬೈಲಲ್ಲೂ ಚೆನ್ನಾಗಿ ಬರುತ್ತದೆ.

ಗಂಗಾವತಿ_ಮ್ಯಾಕ್ರೋ: ಚೆನ್ನಾಗಿ ಬರೋದು ಬೇರೆ, ಡೀಟೇಲ್ ಬೇರೆ.

ರಾಯಚೂರು_ಕೀಟ: ಲೆನ್ಸ್ ಮಾತು ಬೇರೆ ಥ್ರೆಡ್ಡಲ್ಲಿ ಆಡೋಣ. ಸಂಡೂರು ಸರ್, ರೆಕ್ಕೆ ಸ್ವಲ್ಪ ತೆರೆದಿದೆ ಅಲ್ವಾ? ಎದೆಯ ಹಿಂಬದಿ ಜೂಮ್ ಮಾಡಿ. ಅಕ್ಕಪಕ್ಕ ಎರಡು ಮಸುಕು ಉಬ್ಬು ಇದ್ದರೆ ಸಾಫ್ಲೈ. ಮಡಚಿದ ರೆಕ್ಕೆ ಜಾರದಂತೆ ಹಿಡಿಯೋದು ಅವೇ. ಜೇನಿಗೆ ಅವು ಇರಲ್ಲ. ಅಂದಹಾಗೆ, ಎಲೆ ಯಾವುದು?

ಸಂಡೂರು_ಕ್ಲಿಕ್: ಎರಡು ಬಿಳಿ ಚುಕ್ಕೆ ಇವೆ! ಎಲೆ ಮೂಲಂಗಿದು. ಕಾಡಿಗೆ ತಾಗಿಯೇ ನಮ್ಮ ಮಡಿ ಇರೋದು.

ರಾಯಚೂರು_ಕೀಟ: ಮೂಲಂಗಿ ಅಂತ ಮೊದಲೇ ಹೇಳಿದ್ದರೆ ಇಷ್ಟು ಮಾತೇ ಬೇಕಿರಲಿಲ್ಲ. ಸಾಸಿವೆ ಸಾಫ್ಲೈ ಅದು, ಅಥಾಲಿಯಾ ಕುಲದ್ದು. ಚಳಿಗಾಲದಲ್ಲಿ ಮೂಲಂಗಿ, ಸಾಸಿವೆ, ಎಲೆಕೋಸಿಗೆ ಬೀಳುತ್ತದೆ. ಎಲೆ ಕೆಳಗೆ ಮರಿಹುಳ ಹುಡುಕಿ. ಹೊಟ್ಟೆಯಡಿ 8 ಜೊತೆ ಕಾಲಿರುತ್ತವೆ. ಚಿಟ್ಟೆ ಮರಿಗೆ 5 ಜೊತೆ ಅಷ್ಟೇ. ಮುಟ್ಟಿದರೆ ಸಾಫ್ಲೈ ಮರಿ ಸುರುಳಿ ಸುತ್ತಿ ಕೆಳಗೆ ಬೀಳುತ್ತದೆ.

ಗಂಗಾವತಿ_ಮ್ಯಾಕ್ರೋ: ಮೂಲಂಗಿ ಹೂವಿಗೆ ಜೇನು ಬರಲ್ವಾ ಹಾಗಾದರೆ?

ಸಂಡೂರು_ಕ್ಲಿಕ್: ಇನ್ನೂ ಹೂವೇ ಬಿಟ್ಟಿಲ್ಲ ಸರ್.

ಸಿರುಗುಪ್ಪ_ತೋಟ: ನಮ್ಮ ಮೂಲಂಗಿಗೂ ಕಪ್ಪು ಹುಳ ಬಿದ್ದು ಎಲೆ ಜಾಲರಿ ಆಗಿದೆ. ಔಷಧಿ ಹೊಡೆಯಲೇಬೇಕಾ?

ರಾಯಚೂರು_ಕೀಟ: ಸಣ್ಣ ಮಡಿ ಆದರೆ ಬೇಡ. ಬೆಳಗ್ಗೆ, ಸಂಜೆ ಕೈಯಲ್ಲೇ ಆರಿಸಿ. ಆರಿಸೋ ಮೊದಲು ಒಂದು ಹುಳದ ಫೋಟೋ ಹಾಕಿ, ಪಕ್ಕದಿಂದ ತೆಗೆದದ್ದು.