ಸೌದೆ ಕೊಟ್ಟಿಗೆಯ ಬೆಕ್ಕಿನ ಮರಿ: ಒಳಗೆ ತರಬೇಕೇ, ತಾಯಿಗೇ ಬಿಡಬೇಕೇ?

ಪ್ರಶ್ನೆ:
ನಮ್ಮ ಮನೆ ಸಾಗರ ಪಟ್ಟಣದ ಸಮೀಪದಲ್ಲಿದೆ. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ನಿನ್ನೆ ಸಂಜೆಯಿಂದ ಬೆಕ್ಕಿನ ಮರಿಯೊಂದು ಕೂಗುತ್ತಿದೆ. ಹತ್ತಿರ ಹೋದರೆ ಬೆನ್ನುಬ್ಬಿಸಿ ಬುಸುಗುಡುತ್ತದೆ. ತಾಯಿ ಕಣ್ಣಿಗೆ ಬಿದ್ದಿಲ್ಲ, ಮಳೆ ಬೇರೆ ಹಿಡಿದಿದೆ. ಮನೆಯಲ್ಲಿ ಈಗಾಗಲೇ ಒಂದು ಹೆಣ್ಣು ಬೆಕ್ಕು ಇದೆ. ಇಂಥ ಮರಿ ಪಳಗುವುದಿಲ್ಲ, ಹಾಗೇ ಬಿಡುವುದು ಲೇಸು ಎಂದು ಮನೆಯವರು ಹೇಳುತ್ತಾರೆ. ಏನು ಮಾಡುವುದು ಸರಿ?

ಉತ್ತರ:
ಬುಸುಗುಡುವುದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಅದು ಭಯವೇ ಹೊರತು ಸ್ವಭಾವವಲ್ಲ. ಮೊದಲು ತಿಳಿಯಬೇಕಾದದ್ದು ತಾಯಿಯ ವಿಷಯ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ಜಾಗ ಬದಲಿಸುವಾಗ ಅದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುವುದರಿಂದ, ಕೊನೆಯದು ಕೆಲವು ಗಂಟೆ ಒಂಟಿಯಾಗಿ ಉಳಿಯಬಹುದು. ನೀವು ಎದುರಿಗೆ ನಿಂತಿದ್ದರೆ ತಾಯಿ ಬರುವುದೇ ಇಲ್ಲ. ಮರಿಯ ಸುತ್ತ ಒಂದಡಿ ಬಿಟ್ಟು ನುಣ್ಣಗೆ ಜರಡಿ ಹಿಡಿದ ಒಣ ಮಣ್ಣನ್ನು ತೆಳುವಾಗಿ ಹರಡಿ, ಬೆಳಿಗ್ಗೆ ದೊಡ್ಡ ಬೆಕ್ಕಿನ ಹೆಜ್ಜೆ ಮೂಡಿದೆಯೇ ನೋಡಿ. ಹಿಟ್ಟು ಬಳಸಬೇಡಿ, ಇರುವೆ ಬರುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ಆದರೆ ಮರಿಯ ಮೈ ತಣ್ಣಗಾಗಿದ್ದರೆ, ಗಾಯವಿದ್ದರೆ ಅಥವಾ ಕೂಗು ಕ್ಷೀಣಿಸುತ್ತಿದ್ದರೆ ಕಾಯದೆ ಎತ್ತಿಕೊಳ್ಳಿ.

ಪ್ರಶ್ನೆ ಕೇಳಿದವರು:
ಮಣ್ಣಿನಲ್ಲಿ ಯಾವ ಹೆಜ್ಜೆಯೂ ಇಲ್ಲ. ದಪ್ಪ ಟವೆಲ್ ಹೊದಿಸಿ ಹಿಡಿದು ಬುಟ್ಟಿಯಲ್ಲಿಟ್ಟಿದ್ದೇವೆ. ತೂಕ 550 ಗ್ರಾಂ, ಕಣ್ಣು ಇನ್ನೂ ನೀಲಿ, ಓಡಲು ಬರುತ್ತದೆ.

ಉತ್ತರ:
ಹಾಗಿದ್ದರೆ ಅದಕ್ಕೆ ಐದು ವಾರದ ಆಸುಪಾಸು. ಮರಿ ಹುಟ್ಟುವಾಗ ಸುಮಾರು ನೂರು ಗ್ರಾಂ ಇದ್ದು, ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ; ಕಣ್ಣಿನ ನೀಲಿ ಆರೇಳು ವಾರದ ಹೊತ್ತಿಗೆ ಬದಲಾಗತೊಡಗುತ್ತದೆ. ಮನುಷ್ಯರ ಒಡನಾಟಕ್ಕೆ ಮರಿ ಸುಲಭವಾಗಿ ಒಗ್ಗುವ ಕಾಲ ಎರಡರಿಂದ ಏಳು ವಾರ. ಇದೇ ಮರಿ ನಾಲ್ಕೈದು ತಿಂಗಳು ಹೊರಗೇ ಬೆಳೆದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಈಗ ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ, ಆದರೆ ಬಾಗಿಲು ಹಾಕಿಕೊಳ್ಳುವ ಪ್ರತ್ಯೇಕ ಕೋಣೆ ಇದ್ದರೆ ಮಾತ್ರ.

ಈ ಷರತ್ತು ನಿಮ್ಮ ಹಳೆಯ ಬೆಕ್ಕಿಗಾಗಿ. ಹೊರಗಿನ ಮರಿ ಹೊತ್ತು ತರಬಹುದಾದ, ಬೆಕ್ಕುಗಳಿಗೆ ಮಾರಕವಾದ ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗದ ವೈರಾಣು ನೆಲದಲ್ಲಿ, ಬಟ್ಟೆಯಲ್ಲಿ ಹಲವು ತಿಂಗಳು ಉಳಿಯುತ್ತದೆ. ಕನಿಷ್ಠ ಎರಡು ವಾರ ಇಬ್ಬರ ತಟ್ಟೆ, ಹಾಸಿಗೆ, ಮರಳಿನ ತೊಟ್ಟಿ ಬೇರೆಬೇರೆಯಾಗಿರಲಿ. ಮರಿಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಹಳೆಯದನ್ನು ಮುಟ್ಟಬೇಡಿ. ಹಳೆಯದರ ಲಸಿಕೆ ಬಾಕಿಯಿದ್ದರೆ ಈಗಲೇ ಪಶುವೈದ್ಯರನ್ನು ಕೇಳಿ.

ಆಕಳ ಹಾಲು ಕೊಡಬೇಡಿ, ಭೇದಿಯಾಗುತ್ತದೆ. ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಮರಿಗಳಿಗೆಂದೇ ಸಿಗುವ ಮೆದು ಆಹಾರವನ್ನು ಬಿಸಿನೀರಿನಲ್ಲಿ ಕಲಸಿ, ಉಗುರುಬೆಚ್ಚಗಾದ ಮೇಲೆ ದಿನಕ್ಕೆ ನಾಲ್ಕೈದು ಸಲ ಇಡಿ. ಚಿಗಟಕ್ಕೆಂದು ನಾಯಿಯ ಔಷಧಿ ಹಚ್ಚಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಅಪಾಯ. ಹಿಡಿಯುವಾಗ ಯಾರಿಗಾದರೂ ಕಚ್ಚಿದ್ದರೆ ಅಥವಾ ರಕ್ತ ಬರುವಂತೆ ಪರಚಿದ್ದರೆ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಿ. ಮರಿ ಚಿಕ್ಕದೆಂದು ಇದನ್ನು ಕಡೆಗಣಿಸಬಾರದು.

ತಾಯಿ ತಡವಾಗಿ ಬಂದರೆ ಅದಕ್ಕೂ ಕೊಟ್ಟಿಗೆಯಲ್ಲೇ ಊಟವಿಟ್ಟು ರೂಢಿ ಮಾಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಿಡಿಯಲು ಸುಲಭವಾಗುತ್ತದೆ. ಹಾಲೂಡಿಸುವಾಗಲೇ ಬೆಕ್ಕು ಮತ್ತೆ ಗರ್ಭ ಧರಿಸಬಲ್ಲದು, ಸುಮಾರು ಒಂಬತ್ತು ವಾರಕ್ಕೆ ಈಯುತ್ತದೆ; ಆದ್ದರಿಂದ ಇದನ್ನು ಮುಂದೂಡಬೇಡಿ.