ಗೆರೆ ಸ್ವಲ್ಪ ಕೆಳಗೆ ಬಂತಾ?

ಹರಿಕೇನ್ ಅಂದರೆ ಲಾಟೀನು ಅಂತಲೇ ತಿಳಿದುಕೊಂಡು ಬೆಳೆದವನು ನಾನು. ಫ್ಲಾರಿಡಾಕ್ಕೆ ಬಂದ ಮೇಲೆ ಗೊತ್ತಾಯಿತು, ಅದು ಚಂಡಮಾರುತ, ಲಾಟೀನು ಬೇಕಾಗೋದು ಅದು ಬಂದು ಹೋದ ಮೇಲೆ ಅಂತ.

ಹರಿಕೇನ್ ಸೀಸನ್ ಜೂನ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಗಿಯುತ್ತೆ. ಈ ಆರು ತಿಂಗಳೂ ನಾವು ನಾಲ್ಕು ಜನ ಫೋನಿಗೆ ಅಂಟಿಕೊಂಡಿರುತ್ತೇವೆ. ನಾನು ಟ್ಯಾಂಪಾದಲ್ಲಿ. ಮೇಷ್ಟ್ರು ಒರ್ಲ್ಯಾಂಡೊದಲ್ಲಿ (ಅವರ ಕೆಲಸ ಪಾಠ ಮಾಡೋದಲ್ಲ, ಚಾಳಿ ಪಾಠ ಮಾಡೋದು). ಅಕ್ಕ ಫೋರ್ಟ್ ಮೈಯರ್ಸ್‌ನಲ್ಲಿ. ಯಜಮಾನರು ಮಯಾಮಿಯಲ್ಲಿ. ಇವರು 1992ರ ಆಂಡ್ರೂ ನೋಡಿದವರು, ಹಾಗಾಗಿ ಆಮೇಲೆ ಬಂದ ಯಾವ ಹರಿಕೇನ್‌ಗೂ ಮರ್ಯಾದೆ ಕೊಡೋದಿಲ್ಲ. ರಾಷ್ಟ್ರೀಯ ಹರಿಕೇನ್ ಕೇಂದ್ರ ಇರೋದೂ ಮಯಾಮಿಯಲ್ಲೇ. ಅದಕ್ಕೋ ಏನೋ, ಅವರು ಹೇಳಿದ ಮೇಲೇ ಅಲ್ಲಿಯವರು ಬುಲೆಟಿನ್ ಬರೆಯೋದು ಅನ್ನೋ ಧಾಟಿಯಲ್ಲಿ ಮಾತಾಡುತ್ತಾರೆ.

ಈಗ ಹೇಳೋದು 2022ರ ಸೆಪ್ಟೆಂಬರ್ ಕಥೆ. 23ನೇ ತಾರೀಕು ಶುಕ್ರವಾರ, ಕೆರಿಬಿಯನ್ ಸಮುದ್ರದಲ್ಲಿ ಒಂದು ಮೋಡದ ಮುದ್ದೆ. ಇನ್ನೂ ಹೆಸರೂ ಇಟ್ಟಿರಲಿಲ್ಲ. ಗಾಳಿ ಗಂಟೆಗೆ 39 ಮೈಲಿ ಮುಟ್ಟಿದರೆ ತಾನೇ ನಾಮಕರಣ? ಅದೂ ಆಯಿತು, ಆ ರಾತ್ರಿಯೇ. ಇಯಾನ್.

"ಬರ್ತಿದೆ" ಅಂದರು ಮೇಷ್ಟ್ರು.

"ಎಲ್ಲಿಗೆ?" ಅಂದೆ.

"ಅದನ್ನ ಅದೇ ಇನ್ನೂ ತೀರ್ಮಾನ ಮಾಡಿಲ್ಲ."

ನೆಂಟ ಚೀಲ ಹಿಡಿದು ಬಸ್ ಹತ್ತಿದ್ದಾನಂತೆ, ಯಾರ ಮನೆಗೆ ಅಂತ ಮಾತ್ರ ಬಾಯಿ ಬಿಟ್ಟಿಲ್ಲ. ಎಲ್ಲರೂ ಮನೆಯಲ್ಲೇ ಇದ್ದೀವಿ, ಎಲ್ಲರೂ ಬಾಗಿಲಿಗೆ ಅಗುಳಿ ಹಾಕ್ಕೊಂಡಿದ್ದೀವಿ. ಹಾಗಿತ್ತು ನಮ್ಮ ಪರಿಸ್ಥಿತಿ.

ಬುಲೆಟಿನ್ ಬರೋದು ಬೆಳಿಗ್ಗೆ 5, 11, ಮತ್ತೆ ಸಂಜೆ 5, ರಾತ್ರಿ 11ಕ್ಕೆ. ನಾಲ್ಕು ಹೊತ್ತು, ಬಿಪಿ ಮಾತ್ರೆ ಹಾಗೆ. ಎಚ್ಚರಿಕೆ ಹೊರಡಿಸಿದ ಮೇಲೆ ನಡುನಡುವೆ ಚಿಕ್ಕ ಬುಲೆಟಿನ್ ಬೇರೆ. ಹೆಂಡತಿ ಹುಟ್ಟುಹಬ್ಬ ಮರೆಯೋ ನಾನು ಒಂದೇ ಒಂದು ಬುಲೆಟಿನ್ ತಪ್ಪಿಸಲಿಲ್ಲ.

ಶನಿವಾರದ ಹೊತ್ತಿಗೆ ನಕ್ಷೆಯಲ್ಲಿ ಕೋನ್ ಬಂತು. ಐಸ್ ಕ್ರೀಮ್ ಕೋನಿನ ಹಾಗೆ ಬುಡದಲ್ಲಿ ಚೂಪು, ಮೇಲೆ ಹೋದ ಹಾಗೆ ಅಗಲ. ನಡುವೆ ಒಂದು ಗೆರೆ. ಆ ಗೆರೆ ಹೆಚ್ಚೂಕಮ್ಮಿ ನಮ್ಮ ಅಡುಗೆಮನೆ ಕಿಟಕಿಯಿಂದ ಒಳಗೆ ಬರೋ ಹಾಗಿತ್ತು.

"ಗೆರೆ ನೋಡಬೇಡ, ಕೋನ್ ನೋಡು" ಅಂತ ಮೇಷ್ಟ್ರ ಪಾಠ ಶುರುವಾಯಿತು. "ಹಿಂದಿನ ಐದು ವರ್ಷ ಎಷ್ಟೆಷ್ಟು ತಪ್ಪಿದ್ದಾರೋ ಅದರ ಲೆಕ್ಕ ಇಟ್ಟೇ ಕೋನ್ ಎಳೆಯೋದು. ಸುಳಿಯ ನಡುಭಾಗ ಮೂರರಲ್ಲಿ ಎರಡು ಸಲ ಅದರೊಳಗೇ ಇರುತ್ತೆ."

"ಮೂರನೇ ಸಲ?" ಅಂದರು ಅಕ್ಕ.

"ಆಚೆ ಹೋಗುತ್ತೆ."

"ಹಾಗಾದ್ರೆ ಅದನ್ನ ಯಾಕ್ರೀ ಎಳೀತಾರೆ?"

"ಒಳಗಿರೋರಿಗೆ ಭಯ ಆಗಲಿ ಅಂತ."

"ಹೊರಗಿರೋರಿಗೂ ಭಯಾನೇ ಆಗ್ತಿದೆಯಲ್ಲ!"

ಕೋನ್ ಅಂದರೆ ಹರಿಕೇನ್ ಎಷ್ಟು ದಪ್ಪ ಇದೆ ಅನ್ನೋ ಚಿತ್ರ ಅಂತಲೇ ನಾನೂ ವರ್ಷಗಟ್ಟಲೆ ನಂಬಿದ್ದೆ. ಅಲ್ಲ. ಅದು ನಡುಭಾಗ ಎಲ್ಲೆಲ್ಲಿ ಹೋಗಬಹುದು ಅನ್ನೋ ಅಂದಾಜು ಅಷ್ಟೇ. ಮಳೆ, ಗಾಳಿ, ಸಮುದ್ರದ ನೀರು ಇವಕ್ಕೆಲ್ಲ ಕೋನಿನ ಗಡಿ ಲೆಕ್ಕಕ್ಕೇ ಇಲ್ಲ.

ಆಮೇಲೆ ಶಾವಿಗೆ. ಒಂದೊಂದು ಕಂಪ್ಯೂಟರ್ ಮಾಡೆಲ್ ಒಂದೊಂದು ದಾರಿ ಹೇಳುತ್ತೆ. ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಬಣ್ಣಬಣ್ಣವಾಗಿ ಎಳೆದರೆ ತಟ್ಟೆಗೆ ಶಾವಿಗೆ ಸುರಿದ ಹಾಗೆ ಕಾಣುತ್ತೆ. ಇಲ್ಲಿಯವರು ಸ್ಪಗೆಟಿ ಅನ್ನುತ್ತಾರೆ, ನಮಗೆ ಶಾವಿಗೆಯೇ ಸರಿ. ಆ ಶನಿವಾರ, ಭಾನುವಾರ ಎರಡು ದೊಡ್ಡ ಎಳೆಗಳಿಗೆ ಜಗಳ. ಅಮೆರಿಕದ ಮಾಡೆಲ್ ಪಶ್ಚಿಮಕ್ಕೆ ವಾಲಿ, ಮೇಲಿನ ಪ್ಯಾನ್‌ಹ್ಯಾಂಡಲ್ (ಫ್ಲಾರಿಡಾದ ವಾಯುವ್ಯ ಭಾಗ) ಕಡೆಗೆ ಅನ್ನುತ್ತಿತ್ತು. ಯುರೋಪಿನದು, ಇಲ್ಲ ಇಲ್ಲ, ಟ್ಯಾಂಪಾ ಕಡೆಗೇ ಅನ್ನುತ್ತಿತ್ತು.

"ಯುರೋಪಿಯನ್ ನಂಬು" ಅಂದರು ಮೇಷ್ಟ್ರು. "2012ರಲ್ಲಿ ಸ್ಯಾಂಡಿ ಸಮುದ್ರದಿಂದ ಎಡಕ್ಕೆ ತಿರುಗಿ ನ್ಯೂಜೆರ್ಸಿಗೆ ನುಗ್ಗುತ್ತೆ ಅಂತ ಎಷ್ಟೋ ದಿನ ಮೊದಲೇ ಹೇಳಿದ್ದು ಅದೇ."

ನಾನು ಅಮೆರಿಕದ್ದನ್ನೇ ನಂಬಿದೆ. ದೇಶಪ್ರೇಮ ಏನಲ್ಲ, ಅದು ನಮ್ಮ ಮನೆಯಿಂದ ದೂರ ಹೋಗುತ್ತಿತ್ತು ಅಷ್ಟೇ. ಜಾತಕ ನೋಡಿಸೋರು ಇಷ್ಟವಾದ ಮಾತು ಸಿಗೋವರೆಗೆ ಜೋಯಿಸರನ್ನು ಬದಲಾಯಿಸುತ್ತಾರಲ್ಲ, ಹಾಗೆ.

ಪಾಪ, ಅಕ್ಕ ಒಳ್ಳೆ ಮನಸ್ಸಿನಿಂದ ಹೇಳಿದರು: "ಸುಮ್ನೆ ಎಲ್ಲರೂ ನಮ್ಮ ಮನೆಗೆ ಬಂದುಬಿಡಿ. ಫೋರ್ಟ್ ಮೈಯರ್ಸ್ ಕೋನಿನ ಅಂಚಲ್ಲಿದೆ, ಇಲ್ಲಿ ಏನಾಗಲ್ಲ."

"ಹೋಗಬೇಡ" ಅಂದರು ಯಜಮಾನರು. "2004ರಲ್ಲಿ ಚಾರ್ಲಿ ಟ್ಯಾಂಪಾಗೆ ಅಂತಲೇ ಹೊರಟಿದ್ದು. ಕೊನೆ ಗಳಿಗೆಯಲ್ಲಿ ಬಲಕ್ಕೆ ತಿರುಗಿ ಪುಂಟಾ ಗೋರ್ಡಾಗೆ ನುಗ್ಗಿತು. ಅಕ್ಕನ ಊರಿನ ಪಕ್ಕದಲ್ಲೇ."

"ಹಾಗಾದ್ರೆ ಮೇಷ್ಟ್ರ ಮನೆಗೆ ಹೋಗ್ತೀನಿ, ಒರ್ಲ್ಯಾಂಡೊಗೆ."

"ಟ್ಯಾಂಪಾದಿಂದ ಆವತ್ತು ತುಂಬಾ ಜನ ಒರ್ಲ್ಯಾಂಡೊಗೇ ಓಡಿದ್ದರು. ಚಾರ್ಲಿ ಪುಂಟಾ ಗೋರ್ಡಾದಿಂದ ಹೊರಟು ಒರ್ಲ್ಯಾಂಡೊ ಮೇಲೇ ಹೋಯಿತು."

"ಮತ್ತೆ ಎಲ್ಲಿಗೆ ಹೋಗಲಿ ಯಜಮಾನ್ರೇ?"

"ಎಲ್ಲಾದ್ರೂ ಹೋಗು. ಅದು ಆಂಡ್ರೂ ಏನಲ್ಲ ಬಿಡು."

ಸೋಮವಾರ ನಮ್ಮ ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ) ಸಮುದ್ರದ ದಡದ ಎ ವಲಯ ಖಾಲಿ ಮಾಡಿ ಅಂದರು. ನಮ್ಮ ಮನೆ ಆ ವಲಯದಲ್ಲೇ. ಇಲ್ಲೊಂದು ಮಾತಿದೆ, ನೀರು ಬಂದರೆ ಓಡು, ಗಾಳಿ ಬಂದರೆ ಅಡಗು ಅಂತ. ಹರಿಕೇನ್‌ನಲ್ಲಿ ಸಮುದ್ರ ಉಕ್ಕಿ ಊರೊಳಗೆ ನುಗ್ಗುತ್ತಲ್ಲ, ಜನರನ್ನು ಕೊಲ್ಲೋದು ಹೆಚ್ಚಾಗಿ ನೀರೇ. ಪಕ್ಕದ ಮನೆಯ ಹಿರಿಯರು ಮಾತ್ರ ಕುರ್ಚಿ ಹಾಕಿಕೊಂಡು ಆರಾಮವಾಗಿ ಕೂತಿದ್ದರು. ಟ್ಯಾಂಪಾಗೆ ದೊಡ್ಡ ಹರಿಕೇನ್ ನೇರವಾಗಿ ಬಡಿದದ್ದು 1921ರಲ್ಲಿ, ಅದೇ ಕೊನೆ. ಇಲ್ಲಿನ ಮೂಲನಿವಾಸಿಗಳು ಕಟ್ಟಿದ ಮಣ್ಣಿನ ದಿಬ್ಬಗಳೇ ಊರನ್ನು ಕಾಯುತ್ತಿವೆ ಅಂತ ಅವರ ನಂಬಿಕೆ. ಇದನ್ನು ಮೇಷ್ಟ್ರಿಗೆ ಹೇಳಿದರೆ ಬೈಯುತ್ತಾರೆ ಅಂದುಕೊಂಡಿದ್ದೆ. "ಯುರೋಪಿಯನ್ ಮಾಡೆಲ್‌ನಲ್ಲಿ ದಿಬ್ಬ ಸೇರಿಸಿಲ್ಲ, ನೋಡೋಣ" ಅಂದರು.

ಒರ್ಲ್ಯಾಂಡೊಗೇ ಹೊರಟೆವು. ಎರಡು ಕೇಸ್ ನೀರು, ಪಾಸ್‌ಪೋರ್ಟುಗಳು, ಮಗಳ ಮೀನಿನ ಗಾಜಿನ ಬುಟ್ಟಿ, ಮತ್ತೆ ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ, ನನ್ನ ಇಸ್ತ್ರಿಪೆಟ್ಟಿಗೆ. ಐ-4 ಹೆದ್ದಾರಿಯಲ್ಲಿ ಕಾರು ಆಮೆ ಹಾಗೆ ತೆವಳುತ್ತಿತ್ತು. ದಾರಿಯಲ್ಲಿ ಲೇಕ್‌ಲ್ಯಾಂಡ್ ಸಿಗುತ್ತೆ. ಹರಿಕೇನ್ ಒಳಗೆ ಹಾರಿಹೋಗೋ ಸರ್ಕಾರಿ ವಿಮಾನಗಳ ನೆಲೆ ಅದು. ಅವುಗಳ ಅಡ್ಡಹೆಸರು ಕೆರ್ಮಿಟ್ ಮತ್ತು ಮಿಸ್ ಪಿಗ್ಗಿ, ಅಂದರೆ ಬೊಂಬೆಯಾಟದ ಕಪ್ಪೆ ಮತ್ತು ಹಂದಿ. ನಾವು ಇಸ್ತ್ರಿಪೆಟ್ಟಿಗೆ ತಬ್ಬಿಕೊಂಡು ಅದರಿಂದ ಓಡುತ್ತಿದ್ದೇವೆ, ಕಪ್ಪೆ ಹಂದಿಗಳು ನೇರವಾಗಿ ಅದರ ಹೊಟ್ಟೆಯೊಳಗೆ ಹೋಗಿ ಗಾಳಿಯ ವೇಗ ಅಳೆದುಕೊಂಡು ಬರುತ್ತವೆ. ಆ ಬುಧವಾರವಂತೂ ಕೆರ್ಮಿಟ್ ಎಷ್ಟು ಕುಲುಕಾಡಿತು ಅಂದರೆ ಒಳಗಿದ್ದ ಸಾಮಾನೆಲ್ಲ ಚೆಲ್ಲಾಪಿಲ್ಲಿ. ನಮ್ಮ ಮೀನು ಮಾತ್ರ ಐ-4ನಲ್ಲೇ ತಲೆಸುತ್ತು ಬಂದ ಹಾಗೆ ಒಂದು ಮೂಲೆ ಹಿಡಿದಿತ್ತು.

ಮಂಗಳವಾರ. ಇಯಾನ್ ಕ್ಯೂಬಾದ ಪಶ್ಚಿಮದ ತುದಿ ದಾಟಿತು, ಇಡೀ ಕ್ಯೂಬಾಕ್ಕೆ ಕರೆಂಟ್ ಹೋಯಿತು. ನಾಲ್ಕು ಜನರೂ ಫೋನಿನಲ್ಲಿ ಸೇರಿದ್ದೆವು. ಬೆಳಿಗ್ಗೆಯ ಬುಲೆಟಿನ್ ಬಂತು, ನಕ್ಷೆ ತೆರೆಯಿತು. ಗೆರೆ ಟ್ಯಾಂಪಾದಿಂದ ದಕ್ಷಿಣಕ್ಕೆ ಜರುಗಿತ್ತು.

"ಬಂತು! ಕೆಳಗೆ ಬಂತು! ಗೆರೆ ಕೆಳಗೆ ಬಂತು!" ಅಂತ ಮೇಷ್ಟ್ರ ಸೋಫಾದ ಮೇಲಿಂದ ನೆಗೆದು ಕೂಗಿದೆ. ಹೆಂಡತಿ ಚಪ್ಪಾಳೆ ತಟ್ಟಿದಳು, ಮಗಳು ಮೀನಿಗೂ ಸುದ್ದಿ ಹೇಳಿದಳು.

ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಕೆಳಗೆ ಅಂದರೆ ಅಕ್ಕನ ಊರು.

ಇದನ್ನು ಹೇಗೆ ಹೇಳೋದು ಗೊತ್ತಾಗುತ್ತಿಲ್ಲ. ಐದು ದಿನದಿಂದ ದಿನಕ್ಕೆ ನಾಲ್ಕು ಹೊತ್ತು ನಾನು ಬೇಡಿಕೊಂಡದ್ದು ಇಷ್ಟೇ, ಸ್ವಲ್ಪ ಆಚೆ ಹೋಗಲಪ್ಪ ಅಂತ. ಆಚೆ ಅಂದರೆ ಯಾರ ಮನೆ ಅಂತ ಯೋಚನೆ ಮಾಡಿರಲಿಲ್ಲ. ಸುಳ್ಳು ಯಾಕೆ, ಮಾಡಿದ್ದೆ. ಆದಷ್ಟು ಬೇಗ ಬಿಟ್ಟುಬಿಟ್ಟಿದ್ದೆ.

"ಖುಷಿನಾ?" ಅಂದರು ಅಕ್ಕ.

"ಅಕ್ಕ, ಅದು ಹಾಗಲ್ಲ..."

"ಗೊತ್ತು ಕಣೋ. ಭಾನುವಾರ ಗೆರೆ ನಿನ್ನ ಮನೆ ಮೇಲಿದ್ದಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಸರಿ ಬಿಡು, ಈಗ ಫ್ರಿಡ್ಜಲ್ಲಿರೋದನ್ನ ಏನು ಮಾಡಲಿ ಹೇಳು."

ಅವರ ಕೌಂಟಿಯವರು ಊರು ಖಾಲಿ ಮಾಡಿ ಅಂದದ್ದೇ ಆ ಬೆಳಿಗ್ಗೆ. ಅಕ್ಕ ಮಕ್ಕಳನ್ನು ಕರೆದುಕೊಂಡು ಜವುಗು ಕಾಡಿನ ನಡುವಿನ ಹೆದ್ದಾರಿ ಹಿಡಿದು ಮಯಾಮಿಗೆ, ಯಜಮಾನರ ಮನೆಗೆ ಹೋದರು. ಅಲ್ಲಿ ರಾತ್ರಿಯಿಡೀ ಆಂಡ್ರೂ ಕಥೆ ಕೇಳಿದರಂತೆ. ಹರಿಕೇನೇ ವಾಸಿ ಇತ್ತು ಅಂತ ಇವತ್ತಿಗೂ ಹೇಳುತ್ತಾರೆ.

ಬುಧವಾರ ಬೆಳಿಗ್ಗೆ ಟೀವಿಯ ಹವಾಮಾನ ವರದಿಗಾರ ಜಿಮ್ ಕ್ಯಾಂಟೋರಿ ಪುಂಟಾ ಗೋರ್ಡಾದಲ್ಲಿ ನಿಂತಿದ್ದ. ಇಲ್ಲಿಯ ಜನರ ಮಾಡೆಲ್ ಇವನು. ಅವನು ಯಾವ ಊರಿಗೆ ಬಂದು ಮೈಕ್ ಹಿಡಿಯುತ್ತಾನೋ ಆ ಊರು ಬಿಡೋದು ಒಳ್ಳೇದು ಅಂತ ಲೆಕ್ಕ. ಆವತ್ತು ನೇರ ಪ್ರಸಾರದಲ್ಲೇ ಹಾರಿಬಂದ ಮರದ ಕೊಂಬೆ ಅವನಿಗೆ ಬಡಿಯಿತು. "ನೋಡಿದ್ರಾ, ಆ ಎರಡು ಮಾಡೆಲ್‌ಗಿಂತ ಇವನೇ ಪಕ್ಕಾ" ಅಂದೆ. ಮೇಷ್ಟ್ರಿಗೆ ಅವಮಾನ ಆಯಿತು.

ಮಧ್ಯಾಹ್ನ 3 ಗಂಟೆ ದಾಟಿದಾಗ ಇಯಾನ್ ಫೋರ್ಟ್ ಮೈಯರ್ಸ್ ಪಕ್ಕದ ಕಾಯೋ ಕೋಸ್ಟಾ ದ್ವೀಪಕ್ಕೆ ಬಡಿಯಿತು. ಗಾಳಿ ಗಂಟೆಗೆ 150 ಮೈಲಿ. ಫ್ಲಾರಿಡಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಎರಡು ದಿನ ನಾವು ಯಾರೂ ನಗಲಿಲ್ಲ.

ನಮ್ಮ ಟ್ಯಾಂಪಾದಲ್ಲಿ ಆದದ್ದೇ ಬೇರೆ. ಹರಿಕೇನ್ ಎಡಸುತ್ತು ಸುತ್ತುತ್ತದಲ್ಲ, ಅದು ನಮ್ಮ ದಕ್ಷಿಣಕ್ಕೆ ಹೋದದ್ದರಿಂದ ಗಾಳಿ ನೆಲದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನೇ ಹೊರಕ್ಕೆ ದಬ್ಬಿತು. ನೀರು ಉಕ್ಕುತ್ತೆ ಅಂತ ಊರು ಬಿಟ್ಟರೆ ದಡದಲ್ಲಿ ನೀರೇ ಇಲ್ಲ! ಜನ ಸಮುದ್ರದ ತಳದಲ್ಲಿ ವಾಕಿಂಗ್ ಹೋದರು, ಅಧಿಕಾರಿಗಳು ಬೇಡ್ರಪ್ಪ ಅಂತ ಬೊಬ್ಬೆ ಹೊಡೆದರು. ನಮ್ಮ ಮನೆಯಲ್ಲಿ ಒಂದು ಹೂಕುಂಡ ಮಗುಚಿತ್ತು, ಅಷ್ಟೇ. ಕರೆಂಟ್ ಕೂಡ ಹೋಗಿರಲಿಲ್ಲ.

ಕರೆಂಟ್ ಹೋದದ್ದು ಒರ್ಲ್ಯಾಂಡೊದಲ್ಲಿ, ನಾವು ಅಡಗಿದ್ದ ಕಡೆ. ಆ ರಾತ್ರಿ ಇಯಾನ್ ಒರ್ಲ್ಯಾಂಡೊ ಕಡೆಗೇ ಬಂತು, ಆಕಾಶ ತೂತಾದ ಹಾಗೆ ಸುರಿಯಿತು, ಮೇಷ್ಟ್ರ ಬೀದಿ ಕೆರೆಯಾಯಿತು. ಮೂರು ದಿನ ಮೇಣದ ಬತ್ತಿ ಬೆಳಕಿನಲ್ಲಿ ಯುರೋಪಿಯನ್ ಮಾಡೆಲ್ ಎಷ್ಟು ಶ್ರೇಷ್ಠ ಅಂತ ಕೇಳಿದೆವು. ಇಸ್ತ್ರಿಪೆಟ್ಟಿಗೆ ಅಲ್ಲೂ ಉಪಯೋಗಕ್ಕೆ ಬರಲಿಲ್ಲ. ಯಜಮಾನರು ಮಾತ್ರ ಮಯಾಮಿಯಿಂದ ಫೋನ್ ಮಾಡಿ ಒಂದೇ ಮಾತು ಅಂದರು: "ಚಾರ್ಲಿ ವಿಷಯ ಹೇಳಿದ್ದೆನಾ ಇಲ್ವಾ?"

ಅಕ್ಕನ ಗರಾಜಿನಲ್ಲಿ ಸೊಂಟದ ತನಕ ನೀರು ನಿಂತ ಗುರುತು. ಚಾವಣಿಯ ಒಂದು ಮೂಲೆ ಇರಲಿಲ್ಲ. ಯಾರದೋ ದೋಣಿ ಬಂದು ಅವರ ಮಲ್ಲಿಗೆ ಗಿಡದ ಮೇಲೆ ಕೂತಿತ್ತು. ನಾವೆಲ್ಲ ಹೋಗಿ ಕೆಸರು ಬಾಚಿದೆವು. "ನೀನು ಸೋಫಾ ಮೇಲಿಂದ ನೆಗೆದೆಯಲ್ಲ, ಅದಕ್ಕೇ ಈ ದೋಣಿ ನೆಗೀತು" ಅಂತ ಅಕ್ಕ ಪ್ರತಿ ಬಕೆಟ್ಟಿಗೂ ಒಂದು ಸಲ ಹೇಳಿದರು. ಇಯಾನ್ ಅನ್ನೋ ಹೆಸರನ್ನು ಆಮೇಲೆ ಪಟ್ಟಿಯಿಂದ ತೆಗೆದುಹಾಕಿದರು. ಜಾಸ್ತಿ ಅನಾಹುತ ಮಾಡಿದವಕ್ಕೆ ಹಾಗೇ, ಇನ್ನು ಯಾವ ಹರಿಕೇನ್‌ಗೂ ಆ ಹೆಸರಿಡೋದಿಲ್ಲ. ಅಕ್ಕ ನನ್ನ ಹೆಸರನ್ನೂ ತೆಗೆಯೋ ಯೋಚನೆಯಲ್ಲಿದ್ದರು.

ಎರಡು ವರ್ಷ ಆಯಿತು. 2024ರ ಅಕ್ಟೋಬರ್, ಈ ಸಲ ಮಿಲ್ಟನ್. ಎರಡು ವಾರದ ಹಿಂದಷ್ಟೇ ಹೆಲೀನ್ ನೂರು ಮೈಲಿಗೂ ಹೆಚ್ಚು ದೂರ ಹಾದುಹೋಗಿಯೂ ಟ್ಯಾಂಪಾ ಕೊಲ್ಲಿಯ ದಡದ ಮನೆಗಳಿಗೆ ನೀರು ನುಗ್ಗಿಸಿತ್ತು, ಒದ್ದೆ ಸೋಫಾಗಳು ಇನ್ನೂ ಬೀದಿಯಲ್ಲೇ ಬಿದ್ದಿದ್ದವು. ಸೋಮವಾರ ಮಿಲ್ಟನ್ ಕೆಟಗರಿ 5 ಆಯಿತು, ಅಂದರೆ ಹರಿಕೇನ್‌ಗಳಲ್ಲೇ ಅತಿ ಜೋರಿನ ದರ್ಜೆ, ಗಾಳಿ ಗಂಟೆಗೆ 180 ಮೈಲಿ, ಗೆರೆ ನೇರ ಟ್ಯಾಂಪಾ ಮೇಲೆ. ನಮ್ಮ ಮೇಯರ್ ಜೇನ್ ಕ್ಯಾಸ್ಟರ್ ಟೀವಿಯಲ್ಲಿ, ಖಾಲಿ ಮಾಡೋ ವಲಯದಲ್ಲೇ ಉಳಿದರೆ ಸಾಯ್ತೀರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಪಕ್ಕದ ಮನೆಯ ಹಿರಿಯರು ಕೂಡ ದಿಬ್ಬದ ಮಾತು ಬಿಟ್ಟು ಕಾರು ಹತ್ತಿದರು.

ನಾವು ಈ ಸಲ ಜಾರ್ಜಿಯಾ ತನಕ ಓಡಿ ಒಂದು ಹೋಟೆಲ್ ರೂಮ್ ಸೇರಿದೆವು. ಮೀನೂ ಬಂತು. ಇಸ್ತ್ರಿಪೆಟ್ಟಿಗೆ ಬರಲಿಲ್ಲ. ಬುಲೆಟಿನ್ ಹೊತ್ತಿಗೆ ನಾಲ್ಕು ಜನರೂ ಫೋನಿಗೆ ಬಂದೆವು.

"ಕಳೆದ ಸಲದ ಹಾಗೆ ಬೇಡ್ಕೋಬೇಡ" ಅಂದರು ಅಕ್ಕ. "ಚಾವಣಿ ಈಗ ತಾನೇ ರಿಪೇರಿ ಆಗಿದೆ."

"ಛೇ ಛೇ, ಎಲ್ಲಾದ್ರೂ ಉಂಟಾ ಅಕ್ಕ."

ನಕ್ಷೆ ತೆರೆಯಿತು. ಗೆರೆ ದಕ್ಷಿಣಕ್ಕೆ, ಸರಸೋಟಾ ಕಡೆಗೆ ಜರುಗಿತ್ತು. ಟ್ಯಾಂಪಾಗೂ ಅಕ್ಕನ ಊರಿಗೂ ನಡುವೆ. ಈ ಸಲ ನನಗೆ ಬುದ್ಧಿ ಬಂದಿತ್ತು. ತುಟಿ ಪಿಟಕ್ ಅನ್ನಲಿಲ್ಲ. ಮೆಲ್ಲಗೆ ಬೆರಳು ಚಾಚಿ ಮೈಕ್ ಆಫ್ ಮಾಡಿದೆ, ಆಮೇಲೆ ಹೋಟೆಲ್ ಮಂಚದ ಮೇಲೆ ಹತ್ತಿ, ಎರಡೂ ಕೈ ಮೇಲೆತ್ತಿ, ಸದ್ದಿಲ್ಲದೆ ಕುಣಿದೆ.

"ವಿಡಿಯೋ ಆನ್ ಇದೆ ಕಣೋ" ಅಂದರು ಅಕ್ಕ.