ಒಪ್ಪಿಗೆ ಪತ್ರ ಮಲಯಾಳದಲ್ಲಿದೆ, ಸಹಿ ಹಾಕಲೇ?

ಪೆರ್ಲದ ಅಪ್ಪ:
ಮಗಳಿಗೆ ಎಂಟು ವರ್ಷ. ರಕ್ತದ ಕ್ಯಾನ್ಸರಿಗೆಂದು ಅವಳ ತಮ್ಮನ ಅಸ್ಥಿಮಜ್ಜೆ ಕಸಿ ಮಾಡಿ ಐವತ್ತು ದಿನವಾಯಿತು. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತಿದೆ. ಭೇದಿಯನ್ನು ದಿನವೂ ಅಳೆದು ಬರೆದುಕೊಳ್ಳುತ್ತಾರೆ. ತಮ್ಮನ ಕೋಶಗಳೇ ಅಕ್ಕನ ಮೈಮೇಲೆ ತಿರುಗಿಬಿದ್ದಿವೆಯಂತೆ, ಜಿವಿಎಚ್‌ಡಿ ಎನ್ನುತ್ತಾರೆ. ಸ್ಟೀರಾಯ್ಡ್‌ಗೆ ಬಗ್ಗಲಿಲ್ಲ. ಈಗ ಪ್ರಯೋಗಕ್ಕೆ ಸೇರಿಸುತ್ತೀರಾ ಎಂದು ಕೇಳಿದ್ದಾರೆ: ಬೇರೊಬ್ಬ ದಾನಿಯ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ವಾರಕ್ಕೆರಡು ಸಲ, ನಾಲ್ಕು ವಾರ ಕೊಡುವುದು. ಸ್ವಂತ ತಮ್ಮನದ್ದೇ ಇಷ್ಟು ಮಾಡಿರುವಾಗ ಊರು ಪೇರು ಗೊತ್ತಿಲ್ಲದವರದ್ದು ಏಕೆ? ಪತ್ರ ಹದಿನೆಂಟು ಪುಟ, ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ನಾವಿಬ್ಬರೂ ಕಾಸರಗೋಡಿನ ಕನ್ನಡ ಮಾಧ್ಯಮದವರು. ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಇಷ್ಟು ದಿನ ಸಾಕಾಗಿತ್ತು. ನಾಳೆಯೇ ಉತ್ತರ ಬೇಕಂತೆ.

ನಿವೃತ್ತ ದಾದಿ, ಬದಿಯಡ್ಕ:
ಇವು ತಮ್ಮ ಕೊಟ್ಟ ಜಾತಿಯ ಕೋಶಗಳಲ್ಲ. ರಕ್ತ ತಯಾರಿಸುವುದಿಲ್ಲ, ಕೆರಳಿದ ಕೋಶಗಳನ್ನು ತಣಿಸುತ್ತವೆ. ಇಂಥದ್ದೇ ಒಂದು ಚಿಕಿತ್ಸೆಗೆ, ರೆಮೆಸ್ಟೆಮ್ಸೆಲ್, ಅಮೆರಿಕದ ಔಷಧ ಇಲಾಖೆ 2024ರ ಡಿಸೆಂಬರಿನಲ್ಲಿ ಎರಡು ತಿಂಗಳು ತುಂಬಿದ ಮಕ್ಕಳಿಗೆ ಒಪ್ಪಿಗೆ ಕೊಟ್ಟಿತು. 54 ಮಕ್ಕಳಲ್ಲಿ 28ನೇ ದಿನಕ್ಕೆ ಶೇಕಡಾ 70 ಮಂದಿಗೆ ಗುಣ ಕಂಡಿತ್ತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. 2020ರಲ್ಲಿ ಅದೇ ಇಲಾಖೆ ಇನ್ನಷ್ಟು ಪುರಾವೆ ಕೇಳಿ ಹಿಂದಿರುಗಿಸಿತ್ತು. ನಿಮಗೆ ಕೊಡುವುದು ಅದೇ ತಯಾರಿಯೋ ಬೇರೆಯೋ, ಮೊದಲು ಕೇಳಿ.

ಮುಳ್ಳೇರಿಯದವ:
ಮಾರಾಯರೇ, ಓದದೆ ಸಹಿ ಬೇಡ. ನಿಮಗೆ ತಿಳಿಯುವ ಭಾಷೆಯಲ್ಲಿ ಪತ್ರ ಕೊಡಲೇಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳೇ ಹೇಳುತ್ತವೆ. ಅದು ಅವರ ದಯೆಯಲ್ಲ. ಸಿಟಿಆರ್‌ಐ, ಅಂದರೆ ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿ, ಅದರ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗದಿಂದಲೇ ತೊಂದರೆಯಾದರೆ ಖರ್ಚು ಯಾರದ್ದು ಎಂಬ ಪುಟವನ್ನು ಎರಡು ಸಲ ಓದಿ. ನಡುವೆ ಬಿಟ್ಟು ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಏಳು ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು, ಅದನ್ನು ಬಹಳ ಮಂದಿ ಮರೆಯುತ್ತಾರೆ.

ಪೆರ್ಲದ ಅಪ್ಪ:
ಕೇಳಿದೆ. ಕನ್ನಡ ಪ್ರತಿ ಕಪಾಟಿನಲ್ಲೇ ಇತ್ತು! ವಿಳಾಸದಲ್ಲಿ ಕೇರಳ ಎಂದಿದ್ದುದರಿಂದ ಮಲಯಾಳದ್ದು ಕೊಟ್ಟರಂತೆ. ರಾತ್ರಿ ಕುಳಿತು ಇಬ್ಬರೂ ಓದಿದೆವು. ತಯಾರಿ ಬೇರೆಯಂತೆ, ಕ್ರಮ ಅದೇ. ಮಗಳಿಗೂ ಹೇಳಿದೆ. ಬೆರಳು ಮಡಿಚಿ "ಎಂಟು ಸಲವಾ?" ಎಂದಳು. ಎದೆಯ ನಳಿಕೆಯಲ್ಲೇ ಕೊಡುತ್ತಾರೆ, ಹೊಸ ಸೂಜಿ ಇಲ್ಲ ಎಂದೆ. ಹಾಗಾದರೆ ಆಗಬಹುದಂತೆ.